ಶಾಲಾ ಹಬ್ಬಕ್ಕೊಂದು ಅರಿಶಿನದ ಚಿತ್ರಶಾಲೆ
ವಾರ್ಷಿಕೋತ್ಸವದಲ್ಲಿ ಚಿತ್ರಕಲೆಯನ್ನೂ ವಿಜ್ಞಾನವನ್ನೂ ಒಟ್ಟಿಗೆ ಕಲಿಸಬೇಕೆಂದಿರುವ ಶಿಕ್ಷಕರು ಅರಿಶಿನದಿಂದ ಶುರುಮಾಡಿ. ಅರಿಶಿನವನ್ನು ನೀರಿನಲ್ಲಿ ಕದಡಿ, ದಪ್ಪ ಬಿಳಿ ಹಾಳೆಗೆ ಬಳಿದು ಹಿಂದಿನ ದಿನವೇ ಒಣಗಿಸಿಡಿ. ಹಸಿ ಹಾಳೆಯಲ್ಲಿ ಗೆರೆ ಹರಡಿ ಚಿತ್ರ ಕೆಡುತ್ತದೆ. ಮಕ್ಕಳಿಗೆ ಕುಂಚ ಮತ್ತು ಬಟ್ಟೆ ಸೋಪಿನ ನೀರು ಕೊಡಿ. ಬಣ್ಣವೇ ಇಲ್ಲದ ನೀರು ತಾಗಿದಲ್ಲೆಲ್ಲ ಕೆಂಗಂದು ಗೆರೆ ಮೂಡುವಾಗ ಆ ಮುಖಗಳನ್ನು ನೋಡಬೇಕು! ಅದರ ಮೇಲೆ ನಿಂಬೆರಸ ಬಿದ್ದರೆ ಮತ್ತೆ ಹಳದಿ. ಅರಿಶಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಸೋಪು, ಸುಣ್ಣದಂಥ ಕ್ಷಾರದಲ್ಲಿ ಕೆಂಪಾಗುತ್ತದೆ ಎಂಬ ವಿವರಣೆ ಆಮೇಲಿರಲಿ, ಮೊದಲೇ ಬೇಡ. ಮನೆಯ ಆರತಿ ತಟ್ಟೆಯ ಕೆಂಪು ನೀರೂ ಇದೇ ಅಲ್ಲವೇ ಎಂದು ಮಗುವೊಂದು ತಾನಾಗಿ ಕೇಳುವವರೆಗೆ ದಯವಿಟ್ಟು ಕಾಯಿರಿ. ಆದರೆ ಆರತಿಗೆ ಬೆರೆಸುವ ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಅಪಾಯ.