ನನ್ನ ಪ್ರಶ್ನಾವಳಿಯಲ್ಲಿ ಇಲ್ಲದ ಬಸ್ಸು

ಜನ ಬಸ್ಸು ಬಿಟ್ಟು ಬೈಕ್ ಯಾಕೆ ಹತ್ತುತ್ತಾರೆ, ಹತ್ತು ನಿಮಿಷ ಉಳಿಯುತ್ತದೆ ಅಂದರೆ ಎಷ್ಟು ದುಡ್ಡು ಹೆಚ್ಚಿಗೆ ಕೊಡುತ್ತಾರೆ, ಮಳೆ ಬಂದರೆ ಯಾವ ದಾರಿ ಹಿಡಿಯುತ್ತಾರೆ. ಇದನ್ನೆಲ್ಲ ಲೆಕ್ಕಕ್ಕೆ ಇಳಿಸುವುದು ನನ್ನ ಕೆಲಸ. ಚಿತ್ರಕಲೆಗೂ ನನಗೂ ಇದ್ದ ನಂಟು ಶಾಲೆಯಲ್ಲೇ ಮುಗಿದಿತ್ತು. ಅಂಥ ನಾನು ಒಂದು ವರ್ಷ ಕಲಾವಿದೆಯೊಬ್ಬರ ಜೊತೆ ಸೇರಿ, ನೆರೆಯಲ್ಲಿ ಸಿಕ್ಕಿಕೊಂಡವರ ಕೈಗೆ ಇದ್ದಿಲು ಕೊಟ್ಟು ಚಿತ್ರ ಬರೆಸಿದೆ. ಯಾಕೆ, ಹೇಗೆ, ಅದರಲ್ಲಿ ಏನು ಕೆಟ್ಟಿತು ಅಂತ ಬರೆದಿಡೋಣ ಅನ್ನಿಸಿತು. ಸಂಶೋಧನಾ ಪೇಪರಿನಲ್ಲಿ ಇದಕ್ಕೆಲ್ಲ ಜಾಗ ಇರುವುದಿಲ್ಲ.

ನಮ್ಮ ಶಾಸ್ತ್ರಕ್ಕೆ ಸ್ವಲ್ಪ ಜಂಬ ಇದೆ, ಅದಕ್ಕೆ ಕಾರಣವೂ ಇದೆ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ಬಾರ್ಟ್ ಅನ್ನುವ ನಗರ ರೈಲು ಓಡುವ ಮುಂಚೆ, ಅದನ್ನು ಎಷ್ಟು ಮಂದಿ ಹತ್ತಬಹುದು ಅಂತ ಡೇನಿಯಲ್ ಮೆಕ್‌ಫ್ಯಾಡನ್ ತಂಡ ಲೆಕ್ಕ ಹಾಕಿತು. ಕೆಲಸಕ್ಕೆ ಹೋಗಿಬರುವವರಲ್ಲಿ ಶೇ. 15 ಮಂದಿ ಹತ್ತುತ್ತಾರೆ ಅಂತ ಅಧಿಕೃತ ಅಂದಾಜು ಇತ್ತು. ಇವರದ್ದು ಶೇ. 6.3. ರೈಲು ಓಡಿದ ಮೇಲೆ ನೋಡಿದರೆ ಶೇ. 6.2. ಜನ ಯಾವುದನ್ನು ಆರಿಸುತ್ತಾರೆ ಅಂತ ಅಂದಾಜು ಮಾಡುವ ಈ ಬಗೆಯ ಲೆಕ್ಕದ ಮಾಡೆಲ್‌ಗಳಿಗಾಗಿ 2000ದಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಪ್ರತಿ ತರಗತಿಯಲ್ಲೂ ಈ ಕಥೆ ಬರುತ್ತದೆ. ಆದರೆ ಜನರ ಮುಂದೆ ಇಡುವ ಆಯ್ಕೆಗಳ ಪಟ್ಟಿಯನ್ನು ಬರೆಯುವವರು ನಾವೇ ಅನ್ನುವುದನ್ನು ಅಷ್ಟು ಜೋರಾಗಿ ಯಾರೂ ಹೇಳುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಯಾವ ಮಾಡೆಲ್ಲೂ ಕಂಡುಹಿಡಿಯಲಾರದು.

ನನ್ನ ಪಟ್ಟಿ ಹೀಗಿತ್ತು. 'ನಿಮ್ಮ ಮಾಮೂಲಿ ದಾರಿಯಲ್ಲಿ 30 ಸೆಂಟಿಮೀಟರ್ ನೀರು ನಿಂತಿದೆ. ಏನು ಮಾಡುತ್ತೀರಿ?' ಅದೇ ದಾರಿ, ಬೇರೆ ದಾರಿ, ಬೇರೆ ವಾಹನ, ಪ್ರಯಾಣವೇ ಬೇಡ. ಪೈಲಟ್ ಸಮೀಕ್ಷೆಯಲ್ಲಿ, ಅಂದರೆ ಮೊದಲು ಮಾಡುವ ಸಣ್ಣ ಪರೀಕ್ಷಾ ಸುತ್ತಿನಲ್ಲಿ, ಹೆಚ್ಚುಕಡಿಮೆ ಎಲ್ಲರೂ ಬುದ್ಧಿವಂತರಂತೆ ಟಿಕ್ ಹಾಕಿದರು: ಬೇರೆ ದಾರಿ, ಇಲ್ಲವೇ ಪ್ರಯಾಣ ಬೇಡ. ಡೇಟಾ ಎಷ್ಟು ಚೊಕ್ಕವಾಗಿತ್ತು ಅಂದರೆ ನನಗೇ ಅನುಮಾನ ಬಂತು. ಅಮೆರಿಕದಲ್ಲಿ ನೆರೆಗೆ ಸಿಕ್ಕಿ ಮುಳುಗಿ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಾಹನವನ್ನು ನೀರಿಗೆ ಇಳಿಸಿದವರು ಅಂತ ಅಲ್ಲಿನ ಸರ್ಕಾರಿ ಸಂಸ್ಥೆಗಳೇ ಹೇಳುತ್ತವೆ. 30 ಸೆಂಟಿಮೀಟರ್ ನೀರಿಗೆ ಸಾಮಾನ್ಯ ಕಾರು ತೇಲತೊಡಗುತ್ತದೆ, 60 ಸೆಂಟಿಮೀಟರ್ ಹರಿಯುವ ನೀರು ದೊಡ್ಡ ಗಾಡಿಗಳನ್ನೂ ಎಳೆದೊಯ್ಯುತ್ತದೆ. ನನ್ನ ಕಾಗದದ ಮೇಲೆ ಎಲ್ಲರೂ ತಿರುಗಿ ಮನೆಗೆ ಹೋಗುವವರೇ. ಹಾಗಾದರೆ ನೀರಿಗೆ ಇಳಿಯುವವರು ಯಾರು?

ಕಲಾವಿದೆ ಯೋಜನೆಯೊಳಗೆ ಬಂದದ್ದು ಈ ಪ್ರಶ್ನೆಯಿಂದಲ್ಲ. ಅನುದಾನದ ಷರತ್ತಿನಲ್ಲಿ 'ಸಾರ್ವಜನಿಕರಿಗೆ ತಲುಪಿಸುವುದು' ಅಂತ ಒಂದು ಸಾಲಿತ್ತು. ಕೊನೆಯಲ್ಲಿ ನಾಲ್ಕು ಪೋಸ್ಟರ್ ಮಾಡಿಕೊಡುತ್ತಾರೆ, ನಾನು ವರದಿ ಕೊಡುತ್ತೇನೆ, ಮುಗಿಯಿತು ಅಂದುಕೊಂಡಿದ್ದೆ. ಅವರು ಮೊದಲ ದಿನವೇ ಪ್ರಶ್ನಾವಳಿ ಕೈಗೆತ್ತಿಕೊಂಡು, "ಈ 30 ಸೆಂಟಿಮೀಟರ್ ಅಂದ್ರೆ ಎಲ್ಲಿಗೆ ಬರುತ್ತಪ್ಪ? ನಿಂತು ತೋರಿಸು" ಅಂದರು. ನಾನು ಎದ್ದು ನಿಂತು ಮಂಡಿಯ ಮೇಲೆ ಕೈ ಇಟ್ಟೆ. ಅವರು ಸ್ಕೇಲ್ ತಂದು ನನ್ನ ಕಾಲಿಗೆ ಹಿಡಿದರು. ಮಂಡಿಗಿಂತ ಎಷ್ಟೋ ಕೆಳಗೆ, ಮೀನಖಂಡದ ಹತ್ತಿರ. ಎರಡು ವರ್ಷದಿಂದ ಆ ಅಂಕಿಯನ್ನು ಬರೆಯುತ್ತಿದ್ದವನಿಗೇ ಅದರ ಎತ್ತರ ಗೊತ್ತಿರಲಿಲ್ಲ. ಅವರೇನೂ ನಗಲಿಲ್ಲ. ನೀಲಿ ಟೇಪು ತಗೊಂಡು ಕೋಣೆಯ ನಾಲ್ಕೂ ಗೋಡೆಗೆ ಅದೇ ಎತ್ತರದಲ್ಲಿ ಒಂದು ಸುತ್ತು ಅಂಟಿಸಿದರು. ಮುಂದಿನ ಕಾರ್ಯಾಗಾರಗಳೆಲ್ಲ ಆ ಟೇಪಿನೊಳಗೇ ನಡೆದವು.

ಅಳತೆಗಿಂತ ಮೈ ನೆನಪಿನಲ್ಲಿ ಉಳಿಯುತ್ತದೆ ಅನ್ನುವುದಕ್ಕೆ ಅವರು ಪ್ಯಾರಿಸ್ಸಿನ ಉದಾಹರಣೆ ಕೊಟ್ಟರು. ಸೇನ್ ನದಿಯ ಅಲ್ಮಾ ಸೇತುವೆಯ ಕಂಬಕ್ಕೆ ಒರಗಿ ನಿಂತ ಸಿಪಾಯಿಯ ಕಲ್ಲಿನ ಪ್ರತಿಮೆ ಇದೆ, ಜುವಾವ್ ಅಂತಾರೆ. ನೀರು ಅವನ ಪಾದ ಮುಟ್ಟಿತು ಅಂದರೆ ದಡದ ದಾರಿಗಳನ್ನು ಮುಚ್ಚುವ ಹೊತ್ತು ಬಂತು ಅಂತ ಊರಿನವರಿಗೆ ಗೊತ್ತು. 1910ರ ನೆರೆಯಲ್ಲಿ ನೀರು ಅವನ ಹೆಗಲವರೆಗೆ ಬಂದಿತ್ತು. ಆ ವರ್ಷ ಔಸ್ಟರ್ಲಿಟ್ಜ್ ಸೇತುವೆಯಲ್ಲಿನ ನೀರಿನ ಮಟ್ಟದ ಮಾಪಕ 8.62 ಮೀಟರ್ ತೋರಿಸಿತ್ತು. ನಾನು ಅಂಕಿಯವನು, ನನಗೂ ಆ ಸಂಖ್ಯೆಯನ್ನು ಪ್ರತಿ ಸಲ ತೆರೆದು ನೋಡಬೇಕು. ಹೆಗಲು ಮಾತ್ರ ಮರೆಯುವುದಿಲ್ಲ. ಪ್ರಶ್ನಾವಳಿಯಿಂದ ಸೆಂಟಿಮೀಟರ್ ತೆಗೆದು ನಿಂತ ಮನುಷ್ಯನ ಒಂದು ರೇಖಾಚಿತ್ರ ಹಾಕಿ, ಹರಡು, ಮೀನಖಂಡ, ಮಂಡಿ, ತೊಡೆ ಅಂತ ಗೆರೆ ಎಳೆದೆವು. ಇಡೀ ವರ್ಷದಲ್ಲಿ ಮಾಡಿದ ಅತ್ಯಂತ ಅಗ್ಗದ ಬದಲಾವಣೆ ಅದು. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ.

ಇನ್ನೊಂದು ದಿನ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರು. ಒಂದು, ಲಿಯೊನಾರ್ಡೊ ಡ ವಿಂಚಿ ಬದುಕಿನ ಕೊನೆಯ ವರ್ಷಗಳಲ್ಲಿ ಬರೆದ ಪ್ರಳಯದ ರೇಖಾಚಿತ್ರ. ಸುರುಳಿ ಸುರುಳಿ ನೀರು, ಕಾಗದವೇ ಕಿತ್ತುಹೋಗುವ ಹಾಗೆ. ಇನ್ನೊಂದು, ಆಲ್ಫ್ರೆಡ್ ಸಿಸ್ಲೆ 1876ರಲ್ಲಿ ಬರೆದ, ಫ್ರಾನ್ಸಿನ ಪೋರ್ಟ್-ಮಾರ್ಲಿ ಊರಿನ ನೆರೆ. ಬೀದಿಯ ಮೂಲೆಯಲ್ಲಿ ದ್ರಾಕ್ಷಾರಸದ ಅಂಗಡಿಯ ಕಟ್ಟಡ, ಅದರ ಮುಂದೆ ದೋಣಿ, ಬೀದಿ ತುಂಬ ನೀರು. ಗಾಬರಿ ಇಲ್ಲ, ಅಲೆ ಇಲ್ಲ. ನೀರಿನಲ್ಲಿ ಆಕಾಶ ಬಿದ್ದಿದೆ, ಅಷ್ಟೆ. "ನಿನ್ನ ಜನ ಯಾವ ನೀರಿಗೆ ಇಳೀತಾರೆ ಹೇಳು" ಅಂದರು. ಉತ್ತರ ಎದುರಿಗೇ ಇತ್ತು. ಸುರುಳಿ ಕಂಡರೆ ಯಾರೂ ಗಾಡಿ ಇಳಿಸುವುದಿಲ್ಲ. ನಿಂತ ನೀರು ಕನ್ನಡಿಯ ಹಾಗೆ ಆಕಾಶವನ್ನು ತೋರಿಸುತ್ತದೆ, ತನ್ನ ತಳವನ್ನು ತೋರಿಸುವುದಿಲ್ಲ. ಕೆಳಗೆ ರಸ್ತೆ ಕೊಚ್ಚಿಹೋಗಿದ್ದರೂ ಮೇಲೆ ಮೋಡವೇ ಕಾಣುವುದು. ನಾವೆಲ್ಲ ಎಚ್ಚರಿಕೆಯ ಪೋಸ್ಟರಿಗೆ ಅಲೆಯ ಚಿತ್ರ ಹಾಕುವವರು!

ಕಾರ್ಯಾಗಾರ ಸರಳವಾಗಿತ್ತು. ಒಂದು ದೊಡ್ಡ ಡ್ರಾಯಿಂಗ್ ಶೀಟ್, ಇದ್ದಿಲು, ಒರೆಸಲು ಬಟ್ಟೆ. 'ನೆರೆಯ ದಿನ ನೀವು ದಾರಿಯಲ್ಲಿ ಇದ್ದ ಒಂದು ಗಳಿಗೆಯನ್ನು ಬರೆಯಿರಿ.' ಪೆನ್ಸಿಲ್ ಕೊಟ್ಟರೆ ಜನ ಚೆನ್ನಾಗಿ ಬರೆಯಲು ಹೊರಟು ಅಳಿಸುತ್ತ ಕೂರುತ್ತಾರೆ, ಇದ್ದಿಲಿನಲ್ಲಿ ಹೇಗೂ ಕೈಯೆಲ್ಲ ಕಪ್ಪಾಗುತ್ತದೆ, ನಾಚಿಕೆ ಹೋಗುತ್ತದೆ. ಇದು ಕಲಾವಿದೆಯ ಅನುಭವದ ಮಾತು, ನೂರಕ್ಕೆ ನೂರು ನಿಜ. ಬರೆಯುವಾಗ ಆಡುವ ಮಾತನ್ನು ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಂಡೆವು. ಚಿತ್ರ ಮುಗಿದ ಮೇಲೆ ಹೇಳುವ ಕಥೆಗಿಂತ, ಕೈ ಓಡುತ್ತಿರುವಾಗ ಬಾಯಿಂದ ಬೀಳುವ ಅರ್ಧ ಮಾತುಗಳೇ ಬೇಕಾಗಿದ್ದದ್ದು.

ನದಿ, ಮುಳುಗಿದ ಮನೆ, ಮರ ಬರುತ್ತವೆ ಅಂತ ಕಾದಿದ್ದೆ. ಮಧ್ಯವಯಸ್ಸಿನ ಒಬ್ಬರು ಶೀಟಿನ ಮುಕ್ಕಾಲು ಭಾಗ ಬಸ್ಸೊಂದರ ಹಿಂಬದಿಯನ್ನು ಬರೆದರು. ಹಿಂದಿನ ಗಾಜು, ನಂಬರ್ ಪ್ಲೇಟು, ಎರಡು ದೀಪ. ದೀಪಕ್ಕೆ ಬಣ್ಣ ಇಲ್ಲದ್ದಕ್ಕೆ ಬೆರಳಿನಿಂದ ತಿಕ್ಕಿ ತಿಕ್ಕಿ ಸುತ್ತ ಕಪ್ಪು ಮಾಡಿದರು. ನೀರು ಅಂತ ಕೆಳಗೆ ಎರಡೇ ಗೆರೆ. "ನೀರೆಲ್ಲಿ ಸರ್?" ಅಂದೆ. "ನೀರು ಯಾರು ನೋಡಿದ್ರು? ಬಸ್ಸು ಹೋಯ್ತಲ್ಲ, ನಾನೂ ಹೋದೆ." ಬಸ್ಸಿನ ಚಕ್ರ ಎಷ್ಟು ಎತ್ತರ, ತನ್ನ ಕಾರಿನದ್ದು ಎಷ್ಟು ಅನ್ನುವುದು ಇಂಜಿನ್ ನಿಂತ ಮೇಲೆ ಹೊಳೆಯಿತಂತೆ. ಆಮೇಲೆ ಬೇರೆ ಬೇರೆ ಗುಂಪುಗಳಲ್ಲೂ ಮುಂದಿನ ಗಾಡಿ ಕಾಣಿಸಿಕೊಳ್ಳತೊಡಗಿತು: ಲಾರಿಯ ಹಿಂಬದಿ, ಬೈಕ್ ಸವಾರನ ಬೆನ್ನು. ಇನ್ನು ಕೆಲವರ ಚಿತ್ರದಲ್ಲಿ ದಾರಿಯೇ ಇಲ್ಲ, ಆ ಬದಿಯಲ್ಲಿ ಕಾಯುತ್ತಿರುವ ಮಗು, ಅಥವಾ ಕೈಯಲ್ಲಿ ಚಪ್ಪಲಿ ಹಿಡಿದ ತಾಯಿ. ಅವರಿಗೆ 'ಪ್ರಯಾಣ ಬೇಡ' ಅನ್ನುವ ಆಯ್ಕೆ ಇರಲೇ ಇಲ್ಲ. ಅವರೂ ಪೈಲಟ್‌ನಲ್ಲಿ ಅದಕ್ಕೇ ಟಿಕ್ ಹಾಕಿದ್ದರು.

ಒಂದು ತಪ್ಪು ನನ್ನದೇ, ಹೇಳಿಬಿಡುತ್ತೇನೆ. ನೆನಪು ಬೇಗ ಬರಲಿ ಅಂತ ಎರಡನೆಯ ಗುಂಪಿಗೆ ಹಿನ್ನೆಲೆಯಲ್ಲಿ ನೀರು ಹರಿಯುವ ಸದ್ದು ಹಾಕಿಸಿದೆ. ಐದು ನಿಮಿಷವಾಗಿರಬಹುದು, ಒಬ್ಬ ಹೆಂಗಸು ಇದ್ದಿಲನ್ನು ಮೆಲ್ಲಗೆ ಶೀಟಿನ ಅಂಚಿಗೆ ಇಟ್ಟು, ಯಾರಿಗೂ ಏನೂ ಹೇಳದೆ ಹೊರಗೆ ಹೋದರು. ಕಲಾವಿದೆ ಹಿಂದೆಯೇ ಹೋದರು. ನಾನು ಸ್ಪೀಕರಿನ ಸ್ವಿಚ್ಚು ಹುಡುಕುತ್ತಿದ್ದೆ. ನೈತಿಕ ಸಮಿತಿಯ ಅರ್ಜಿಯಲ್ಲಿ 'ಭಾಗವಹಿಸುವವರಿಗೆ ತೊಂದರೆಯಾಗುವ ಸಾಧ್ಯತೆ: ಅತ್ಯಲ್ಪ' ಅಂತ ಬರೆದು ಸಹಿ ಹಾಕಿದವನು ನಾನೇ. ಅಂದಿನಿಂದ ಸದ್ದು ಇಲ್ಲ, ಆಪ್ತಸಮಾಲೋಚಕರೊಬ್ಬರು ಕೋಣೆಯಲ್ಲೇ ಇರುತ್ತಾರೆ, ಯಾವ ಹೊತ್ತಿಗೆ ಬೇಕಾದರೂ ಎದ್ದು ಹೋಗಬಹುದು ಅಂತ ಮೊದಲೇ ಹೇಳುತ್ತೇವೆ. ಆ ಶೀಟನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಚಿತ್ರಗಳನ್ನು ಡೇಟಾ ಮಾಡುವ ಕೆಲಸ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. ಇಬ್ಬರು ಬೇರೆ ಬೇರೆ ಕೂತು, ಪ್ರತಿ ಶೀಟಿನಲ್ಲಿ ಏನೇನಿದೆ ಅಂತ ಕೋಡ್ ಹಾಕಬೇಕು. ತಾಳೆಯಾಗದಿದ್ದರೆ ರೆಕಾರ್ಡಿಂಗ್ ಕೇಳಬೇಕು. ಕೈ ಎತ್ತಿದ ಒಂದು ಆಕೃತಿಯನ್ನು ನಾನು 'ಸಹಾಯಕ್ಕೆ ಕೂಗುತ್ತಿದ್ದಾರೆ' ಅಂತ ಬರೆದಿದ್ದೆ, ಜೊತೆಯವರು 'ಹೋಗಬೇಡಿ ಅನ್ನುತ್ತಿದ್ದಾರೆ' ಅಂತ. ಬರೆದವರನ್ನೇ ಕೇಳಿದೆವು. "ಅದು ನಾನು, ಫೋನಿಗೆ ಸಿಗ್ನಲ್ ಹುಡುಕ್ತಾ ಇದ್ದೆ" ಅಂದರು. ಅಂದಿನಿಂದ ಶೀಟಿನ ಹಿಂದೆ ಎರಡು ಸಾಲು ಬರೆಸಿಕೊಳ್ಳುವುದು ರೂಢಿಯಾಯಿತು.

ಹೊಸ ಪ್ರಶ್ನಾವಳಿಯಲ್ಲಿ ಮೂರು ವಿಷಯ ಸೇರಿದವು: ಮುಂದೆ ಯಾವ ವಾಹನ ನೀರಿಗೆ ಇಳಿಯಿತು, ಆ ಬದಿಯಲ್ಲಿ ಯಾರು ಕಾಯುತ್ತಿದ್ದಾರೆ, ಈಗಾಗಲೇ ಎಷ್ಟು ದೂರ ಬಂದಿದ್ದೀರಿ. ಜೊತೆಗೆ ಅರ್ಧ ಮಂದಿಗೆ ಅಲೆಯಿರುವ ನೀರಿನ ಚಿತ್ರ, ಅರ್ಧ ಮಂದಿಗೆ ನಿಂತ ನೀರಿನದ್ದು, ಚೀಟಿ ಎತ್ತಿದ ಹಾಗೆ ಹಂಚಿದೆವು. ಈ ಸಲ ಅದೇ ದಾರಿಯಲ್ಲಿ ಹೋಗುತ್ತೇನೆ ಅನ್ನುವ ಟಿಕ್‌ಗಳು ಬಂದವು. ಮಾಡೆಲ್ಲಿನಲ್ಲಿ ಸಮಯ, ಖರ್ಚು ಎರಡರ ಪ್ರಭಾವವನ್ನೂ ಮುಂದಿನ ವಾಹನದ ಪ್ರಭಾವ ಹಿಂದಿಕ್ಕಿತು. ಚಿತ್ರಗಳ ವ್ಯತ್ಯಾಸ ಮಾತ್ರ ಏನೂ ಕಾಣಲಿಲ್ಲ. ಇದು ನನಗೆ ನುಂಗಲಾಗದ ತುತ್ತು, ಯಾಕೆಂದರೆ ಆ ನಿಂತ ನೀರಿನ ವಿಚಾರ ನನಗೆ ಅಷ್ಟು ಹಿಡಿಸಿತ್ತು. ವಯಸ್ಸಿನಿಂದ ಸೀಳಿ ನೋಡಿದೆ, ವಾಹನದಿಂದ ಸೀಳಿ ನೋಡಿದೆ. ಕೊನೆಗೆ ಯಾವುದೋ ಒಂದು ಸಣ್ಣ ಗುಂಪಿನಲ್ಲಿ ನಕ್ಷತ್ರವೂ ಬಿತ್ತು, ಅಂದರೆ ವ್ಯತ್ಯಾಸ ಬರೀ ಆಕಸ್ಮಿಕ ಇರಲಾರದು ಅನ್ನುವ ಲೆಕ್ಕದ ಗುರುತು. ಅಷ್ಟು ಸಲ ಸೀಳಿದರೆ ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತದೆ, ಅದನ್ನು ಬರೆಯಲಿಲ್ಲ. ಕಲಾವಿದೆಗೆ ಬೇಸರವಾಗಬಹುದು ಅಂದುಕೊಂಡೇ ಹೇಳಿದೆ. "ಮೊಬೈಲಿನಲ್ಲಿ ಅಂಗೈಯಗಲದ ಚಿತ್ರ ತೋರಿಸಿ ಏನಾಗಲಿ ಅಂತಿದ್ದೆ?" ಅಂದರು.

ಚಿತ್ರಗಳನ್ನು ಕೊನೆಗೆ ಪ್ರದರ್ಶನಕ್ಕೂ ಇಟ್ಟೆವು. ಅಲ್ಲಿನ ಅಭಿಪ್ರಾಯ ಪುಸ್ತಕದಲ್ಲಿ ಮಾತ್ರ ಬೇರೆಯೇ ಲೋಕ. ಹಲವರು 'ಇನ್ನು ಮುಂದೆ ಕಾರು ಕಡಿಮೆ ಮಾಡುತ್ತೇನೆ' ಅಂತ ಬರೆದರು. ಗೋಡೆಯ ಮೇಲೆ ನಾವೇ ಆ ಕೊಂಡಿ ಹಾಕಿದ್ದೆವು: ಇಂಧನ ಉರಿಸುವುದರಿಂದ ಬರುವ ಇಂಗಾಲದ ಡೈಆಕ್ಸೈಡಿನಲ್ಲಿ ಸಾರಿಗೆಯ ಪಾಲು ಸುಮಾರು ಶೇ. 23, ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದಿಟ್ಟುಕೊಳ್ಳುತ್ತದೆ, ಸುರಿದಾಗ ಜೋರಾಗಿ ಸುರಿಯುತ್ತದೆ. ಮೂರು ತಿಂಗಳ ಮೇಲೆ ಒಪ್ಪಿಗೆ ಕೊಟ್ಟವರಿಗೆ ಫೋನ್ ಮಾಡಿದೆ. ಎತ್ತಿದವರೇ ಕಡಿಮೆ, ಎತ್ತಿದವರ ಓಡಾಟ ಹಿಂದಿನಂತೆಯೇ ಇತ್ತು. ನನಗೆ ಆಶ್ಚರ್ಯವಾಗಲಿಲ್ಲ. ಅಭ್ಯಾಸ ಸಡಿಲವಾಗುವುದು ದಾರಿ ನಿಜವಾಗಿ ಕಡಿದಾಗ. 2014ರ ಫೆಬ್ರುವರಿಯಲ್ಲಿ ಲಂಡನ್ ಮೆಟ್ರೊ ನೌಕರರು ಮುಷ್ಕರ ಹೂಡಿದಾಗ ಕೆಲವು ನಿಲ್ದಾಣಗಳು ಮುಚ್ಚಿದವು, ಜನ ಬೇರೆ ದಾರಿ ಹುಡುಕಿದರು. ಮುಷ್ಕರ ಮುಗಿದ ಮೇಲೂ ಸುಮಾರು ಶೇ. 5 ಮಂದಿ ಹೊಸ ದಾರಿಯಲ್ಲೇ ಉಳಿದರು ಅಂತ ಸಂಶೋಧಕರು ಪ್ರಯಾಣದ ಕಾರ್ಡುಗಳ ದಾಖಲೆಯಿಂದ ತೋರಿಸಿದ್ದಾರೆ. ಎರಡು ದಿನ ಸ್ಟೇಷನ್ ಮುಚ್ಚಿದ್ದರ ಫಲ ಅದು. ಗೋಡೆಯ ಚಿತ್ರದಿಂದ ಅಷ್ಟನ್ನು ಕೇಳುವುದು ಅನ್ಯಾಯ. ನಾನಾದರೂ ಈ ಫಲಿತಾಂಶ ಹೇಳಲು ಹೋದದ್ದು ವಿಮಾನದಲ್ಲೇ.

ಈಗ ಮುಂದಿನ ಸುತ್ತಿನ ತಯಾರಿ. ಅಷ್ಟು ಶೀಟುಗಳಲ್ಲಿ ಬಸ್ಸಿನ ಬೆನ್ನು ಇದೆ, ಬಸ್ಸಿನ ಒಳಗಿನಿಂದ ಕಂಡದ್ದು ಒಂದರಲ್ಲೂ ಇಲ್ಲ. ಮೊದಲು ನೀರಿಗೆ ಇಳಿದ ಚಾಲಕನ ಮುಂದೆ ಯಾವ ಗಾಡಿಯೂ ಇರಲಿಲ್ಲ. ಅವರನ್ನು ನಾವು ಕರೆದೇ ಇರಲಿಲ್ಲ. ಚಾಲಕರನ್ನು ಅರ್ಧ ದಿನ ಬಿಟ್ಟುಕೊಡಿ ಅಂತ ಬಸ್ಸು ಓಡಿಸುವ ಸಂಸ್ಥೆಗೆ ಪತ್ರ ಬರೆದಿದ್ದೇನೆ, ಶಿಫ್ಟ್ ನೋಡಿ ತಿಳಿಸುತ್ತೇವೆ ಅಂದಿದ್ದಾರೆ. ಕಲಾವಿದೆ ಈ ಸಲ ಶೀಟಿನ ಅಳತೆ ಬದಲಿಸುತ್ತಿದ್ದಾರೆ: ಬಸ್ಸಿನ ಮುಂದಿನ ಗಾಜು ಎಷ್ಟು ಅಗಲವೋ ಅಷ್ಟು.