ಛತ್ರಿ ಮಾರಿ ರೋಲರ್ ಕೋಸ್ಟರ್ ಕಟ್ಟುವುದು

‘ರೋಲರ್‌ಕೋಸ್ಟರ್ ಟೈಕೂನ್’ ಅನ್ನುವ, ಅಮ್ಯೂಸ್‌ಮೆಂಟ್ ಪಾರ್ಕ್ ಕಟ್ಟಿ ನಡೆಸುವ ವಿಡಿಯೊ ಗೇಮ್ ಆಡ್ತೀನಿ ಅಂದರೆ ಸಾಕು, ಎಷ್ಟು ಎತ್ತರದ ಕೋಸ್ಟರ್ ಕಟ್ಟಿದೆ ಅಂತ ಕೇಳುವವರೇ ಜಾಸ್ತಿ. ಎಷ್ಟು ಶೌಚಾಲಯ ಕಟ್ಟಿದೆ ಅಂತ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಈ ಆಟದಲ್ಲಿ ಕೋಸ್ಟರ್ ಜನರನ್ನು ಸೆಳೆಯುವ ಸಾಮಾನು ಅಷ್ಟೇ. ಪಾರ್ಕ್ ನಡೆಯುವುದು ದಾರಿ, ಕಸ, ಬೆಂಚು ಮತ್ತು ಟಿಕೆಟ್ ದರದ ಮೇಲೆ.

ಈ ಆಟವನ್ನು ಕ್ರಿಸ್ ಸಾಯರ್ ಕಂಪ್ಯೂಟರ್‌ಗಾಗಿ ಮಾಡಿದ್ದು 1999ರಲ್ಲಿ. ಹೆಚ್ಚೂಕಡಿಮೆ ಎಲ್ಲವನ್ನೂ ಯಂತ್ರದ ಭಾಷೆಗೆ ತೀರಾ ಹತ್ತಿರದ ಅಸೆಂಬ್ಲಿ ಭಾಷೆಯಲ್ಲೇ ಬರೆದಿದ್ದರು. ಈ ಸರಣಿಯ ಮೊದಲ ಎರಡು ಆಟಗಳ ಪಾರ್ಕ್‌ಗಳನ್ನು ಸೇರಿಸಿದ ‘ಕ್ಲಾಸಿಕ್’ ಆವೃತ್ತಿ 2016ರಲ್ಲಿ ಫೋನ್‌ಗೆ ಬಂತು, 2024ರ ಡಿಸೆಂಬರ್‌ನಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ನಿಂಟೆಂಡೊ ಸ್ವಿಚ್‌ಗೆ ಬಂತು. ನಾನು ಆಡುವುದು ಈ ಸ್ವಿಚ್‌ನದ್ದನ್ನು.

ಹುಟ್ಟಿನಿಂದ ಇದು ಮೌಸ್‌ನ ಆಟ. ಸ್ಟಿಕ್ ಹಿಡಿದು ಒಂದೊಂದೇ ಚೌಕ ದಾರಿ ಹಾಕುವಾಗ ತಾಳ್ಮೆ ಬೇಕು. ಸಣ್ಣ ಪರದೆಯಲ್ಲಿ ಅಕ್ಷರಗಳೂ ಇರುವೆ ಸಾಲಿನಂತೆ ಕಾಣುತ್ತವೆ. ಹಾಗಾಗಿ ಶುರುವಿನಲ್ಲಿ ಸ್ವಂತ ಕೋಸ್ಟರ್ ಕಟ್ಟುವ ಉಸಾಬರಿಗೆ ನಾನು ಹೋಗುವುದಿಲ್ಲ. ಆಟದಲ್ಲೇ ಸಿದ್ಧ ವಿನ್ಯಾಸಗಳಿವೆ. ಜಾಗ ಹಿಡಿಸುವಂಥದ್ದು ಒಂದನ್ನು ಇಟ್ಟರೆ ಮುಗಿಯಿತು.

ಮೊದಲ ಪಾರ್ಕ್ ‘ಫಾರೆಸ್ಟ್ ಫ್ರಾಂಟಿಯರ್ಸ್’. ಮೊದಲ ವರ್ಷದ ಅಕ್ಟೋಬರ್ ಕೊನೆಗೆ ಪಾರ್ಕಿನಲ್ಲಿ 250 ಜನ ಇರಬೇಕು, ಪಾರ್ಕ್ ಎಷ್ಟು ಚೆನ್ನಾಗಿದೆ ಅಂತ ಆಟ ಕೊಡುವ ಅಂಕ, ಅಂದರೆ ಪಾರ್ಕ್ ರೇಟಿಂಗ್, 600ಕ್ಕಿಂತ ಕೆಳಗಿರಬಾರದು. ಆಟದ ವರ್ಷ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ, ಎಂಟೇ ತಿಂಗಳು. 250 ಜನ ಬೇಗ ಬಂದರು ಅಂತ ಕೈಕಟ್ಟಿ ಕೂರುವ ಹಾಗಿಲ್ಲ. ಲೆಕ್ಕ ನೋಡುವುದು ಆ ಕೊನೆಯ ದಿನ. ಅಲ್ಲಿಯವರೆಗೆ ಪಾರ್ಕ್ ಕೊಳೆಯದಂತೆ ನೋಡಿಕೊಳ್ಳಬೇಕು.

ನಾನು ಮೊದಲು ಸಾಲ ತೆಗೆಯುತ್ತೇನೆ. ಬಡ್ಡಿ ಇದೆ, ನಿಜ. ಆದರೆ ರೈಡ್ ಓಡಲು ಶುರುವಾದರೆ ಬಡ್ಡಿಗಿಂತ ಬೇಗ ದುಡಿಯುತ್ತದೆ. ಆ ದುಡ್ಡನ್ನೆಲ್ಲ ಒಂದೇ ಕೋಸ್ಟರ್‌ಗೆ ಸುರಿಯುವುದಿಲ್ಲ. ಪ್ರತಿ ರೈಡೂ ತನ್ನ ಪಾಲಿನ ಜನರನ್ನು ಗೇಟಿನವರೆಗೆ ಎಳೆದು ತರುತ್ತದೆ. ಒಂದು ದೊಡ್ಡ ಕೋಸ್ಟರ್‌ನ ದುಡ್ಡಿನಲ್ಲಿ ಮೆರಿ-ಗೊ-ರೌಂಡ್‌ನಂಥ ಸಣ್ಣ ರೈಡ್‌ಗಳು ಹಲವು ಬರುತ್ತವೆ, ಬೇರೆ ಬೇರೆ ಬಗೆಯವು. ಒಂದೇ ಬಗೆಯದನ್ನು ಎರಡು ಇಟ್ಟರೆ ಜನ ಅದಕ್ಕೆ ಕೊಡುವ ದುಡ್ಡು ಇಳಿಯುತ್ತದೆ. ಅದಕ್ಕೇ ಬಗೆ ಬದಲಿಸುತ್ತಾ ಹೋಗುತ್ತೇನೆ.

ಈಗ ದರ. ಕೆಲವು ಪಾರ್ಕ್‌ಗಳಲ್ಲಿ ನಮ್ಮ ಬಿಡದಿಯ ವಂಡರ್‌ಲಾದ ಹಾಗೆ ಗೇಟಿನಲ್ಲೇ ದುಡ್ಡು ತಗೊಂಡು ಒಳಗೆ ರೈಡ್ ಬಿಟ್ಟಿ. ಇನ್ನು ಕೆಲವು ಕಡೆ ಗೇಟು ಬಿಟ್ಟಿ, ಒಂದೊಂದು ರೈಡಿಗೂ ಟಿಕೆಟ್. ನನಗೆ ಇಷ್ಟವಾದದ್ದು ಎರಡನೆಯದು. ಯಾಕೆಂದರೆ ಅಲ್ಲಿ ಜನರ ತಲೆಯೊಳಗೆ ಇಣುಕಿ ವ್ಯಾಪಾರ ಮಾಡಬಹುದು. ಯಾರ ಮೇಲೆ ಒತ್ತಿದರೂ ಅವರ ಜೇಬಿನಲ್ಲಿ ಎಷ್ಟಿದೆ, ಹಸಿವೆಷ್ಟು, ಮನಸ್ಸಿನಲ್ಲಿ ಏನು ಓಡುತ್ತಿದೆ, ಎಲ್ಲ ಕಾಣುತ್ತದೆ. ‘ಈ ರೈಡ್ ಕೊಟ್ಟ ದುಡ್ಡಿಗೆ ತುಂಬಾ ಲಾಭ’ ಅಂತ ಒಬ್ಬ ಅಂದುಕೊಂಡರೂ ನಾನು ದರ ಸ್ವಲ್ಪ ಏರಿಸುತ್ತೇನೆ. ‘ಅಷ್ಟೊಂದು ಕೊಡಲ್ಲಪ್ಪ’ ಅನ್ನುವವರು ಕಂಡರೆ ಒಂದು ಹೆಜ್ಜೆ ಇಳಿಸುತ್ತೇನೆ. ಯಾರೂ ಹೊಗಳದ, ಯಾರೂ ಬೈಯದ ದರವೇ ಸರಿಯಾದ ದರ. ರೈಡ್ ಹಳೆಯದಾಗುತ್ತಾ ಹೋದಂತೆ ಅದೂ ಇಳಿಯುತ್ತದೆ. ಹೋದ ವರ್ಷ ತುಂಬಿದ್ದ ಸಾಲು ಈಗ ಖಾಲಿ ಅಂದರೆ ಮೊದಲು ದರವನ್ನೇ ಅನುಮಾನಿಸಬೇಕು.

ಮಳೆ ಬಂದರೆ ನನಗೆ ಹಬ್ಬ. ಇನ್ಫರ್ಮೇಶನ್ ಕಿಯಾಸ್ಕ್‌ನಲ್ಲಿ ನಕ್ಷೆ, ಛತ್ರಿ ಎರಡೂ ಸಿಗುತ್ತವೆ. ಬಿಸಿಲಿನಲ್ಲಿ ಛತ್ರಿಯ ದರ ನೋಡಿ ಮೂಗು ಮುರಿಯುವ ಜನ ಮಳೆ ಬಿದ್ದ ಕೂಡಲೇ ಕೇಳಿದಷ್ಟು ಕೊಡುತ್ತಾರೆ. ನಾನು ಕಿಯಾಸ್ಕ್ ಅನ್ನು ಗೇಟಿನ ಪಕ್ಕದಲ್ಲೇ ಇಟ್ಟು, ಮೋಡ ಕವಿದಾಗ ಛತ್ರಿ ದರ ಹಲವು ಪಟ್ಟು ಏರಿಸುತ್ತೇನೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಹೆಂಡತಿ ಕೇಳಿದಳು, “ಅಲ್ಲಾ ರೀ, ಮಳೆ ಬಂತು ಅಂತ ರೇಟ್ ಏರಿಸ್ತೀರಲ್ಲ, ನಾಳೆ ಆಟೋದವರು ಡಬಲ್ ಕೇಳಿದ್ರೆ ಬೈಬೇಡಿ!” ಉತ್ತರ ಕೊಡಲು ಹೋಗಲಿಲ್ಲ. ಆ ಮಳೆಯಲ್ಲೇ ಸಾಲದ ಒಂದು ಕಂತು ತೀರಿತು.

ಮಳೆಗೆ ಇನ್ನೊಂದು ಮುಖವೂ ಇದೆ. ತೆರೆದ ರೈಡ್‌ಗಳಿಗೆ ಜನ ಹತ್ತುವುದಿಲ್ಲ. ಹಳಿಯ ಒಂದಿಷ್ಟು ಭಾಗವನ್ನು ಸುರಂಗದೊಳಗೆ ಹಾಯಿಸಿದರೆ ಆಟ ಅದನ್ನು ಮಳೆಗೆ ಮರೆ ಅಂತ ಒಪ್ಪುತ್ತದೆ. ಸುರಂಗದಿಂದ ರೈಡಿನ ಮಜವೂ ಹೆಚ್ಚುತ್ತದೆ.

ಕೆಲಸಗಾರರ ವಿಷಯದಲ್ಲಿ ನನ್ನದು ಸ್ವಲ್ಪ ಜಿಪುಣ ಬುದ್ಧಿ, ಆದರೆ ಕಸ ಗುಡಿಸುವವರಲ್ಲಿ ಮಾತ್ರ ಅಲ್ಲ. ಅವರನ್ನು ಹಾಗೇ ಬಿಟ್ಟರೆ ಯಾವುದೋ ಮೂಲೆಯಲ್ಲಿ ಹುಲ್ಲು ಕತ್ತರಿಸುತ್ತಾ ಹೊತ್ತು ಕಳೆಯುತ್ತಾರೆ. ಇಲ್ಲಿ ದಾರಿಯ ತುಂಬಾ ವಾಂತಿ! ಸೇರಿಸಿಕೊಂಡ ತಕ್ಷಣ ಅವರ ಕೆಲಸದ ಪಟ್ಟಿಯಲ್ಲಿ ಹುಲ್ಲು ಕತ್ತರಿಸುವುದರ ಮುಂದಿನ ಗುರುತು ತೆಗೆದುಹಾಕುತ್ತೇನೆ. ಆಮೇಲೆ ಓಡಾಡುವ ಜಾಗ ಗುರುತಿಸಿ, ಹೊಟ್ಟೆ ತೊಳೆಸುವ ರೈಡ್‌ಗಳ ಹೊರದಾರಿಗೆ ಒಬ್ಬೊಬ್ಬರನ್ನು ಕಟ್ಟಿಹಾಕುತ್ತೇನೆ. ಅದೇ ಹೊರದಾರಿಯಲ್ಲಿ ಬೆಂಚುಗಳು. ಕೂತರೆ ಜನ ಸುಧಾರಿಸಿಕೊಳ್ಳುತ್ತಾರೆ. ತಿಂಡಿ ಅಂಗಡಿ ಅಲ್ಲಿಂದ ದೂರ ಇರಬೇಕು. ಬರ್ಗರ್ ತಿಂದು ಗಿರಗಿರ ತಿರುಗುವ ರೈಡ್ ಹತ್ತಿದವರ ಗತಿ ಹೇಳಬೇಕಿಲ್ಲ. ದಾರಿ ಗಲೀಜಾದರೆ ಜನರ ಮೂಡ್ ಕೆಡುತ್ತದೆ, ಮೂಡ್ ಕೆಟ್ಟವರು ಬೆಂಚು ಮುರಿಯುತ್ತಾರೆ, ರೇಟಿಂಗ್ ಕುಸಿಯುತ್ತದೆ.

ದಾರಿ ಒಂದು ಚೌಕದಷ್ಟೇ ಅಗಲ. ಅಗಲ ಜಾಸ್ತಿಯಾದರೆ ಈ ಜನ ಸುಮ್ನೆ ಗೊತ್ತುಗುರಿಯಿಲ್ಲದೆ ಅಲೆದು, ಕೊನೆಗೆ ಹೊರಗೆ ಹೋಗುವ ಗೇಟೇ ಸಿಗುತ್ತಿಲ್ಲ ಅಂತ ಗೊಣಗುತ್ತಾರೆ.

ಮೆಕ್ಯಾನಿಕ್‌ಗಳ ಬಗ್ಗೆ ಒಂದು ಗುಟ್ಟು. ಅವರು ರೈಡಿನೊಳಗೆ ಹೋಗುವುದು ಹೊರದಾರಿಯ ಕಡೆಯಿಂದ. ಹಾಗಾಗಿ ಅಕ್ಕಪಕ್ಕದ ರೈಡ್‌ಗಳ ಹೊರದಾರಿಗಳು ಒಂದೇ ಕಾಲುದಾರಿಗೆ ಬಂದು ಸೇರುವಂತೆ ಮಾಡಿದರೆ, ಒಬ್ಬನೇ ಮೆಕ್ಯಾನಿಕ್ ನಾಲ್ಕಾರು ರೈಡ್ ನೋಡಿಕೊಳ್ಳುತ್ತಾನೆ. ತಪಾಸಣೆ ಪ್ರತಿ 30 ನಿಮಿಷಕ್ಕೆ ಅಂತ ಇರುತ್ತದೆ, ನಾನು 10ಕ್ಕೆ ಇಳಿಸುತ್ತೇನೆ. ಕೋಸ್ಟರ್‌ನ ನಿಲ್ದಾಣದ ಬ್ರೇಕ್ ಕೈಕೊಟ್ಟು ರೈಲುಗಳು ಗುದ್ದಿಕೊಂಡು ಜನ ಸತ್ತರೆ ರೇಟಿಂಗ್ ಮೇಲೇಳಲು ಬಹಳ ಸಮಯ ಬೇಕು.

ಕೈಯಲ್ಲಿ ದುಡ್ಡು ಓಡಾಡಿದ ಮೇಲೆ ಸ್ವಂತ ಕೋಸ್ಟರ್. ಖಾಲಿ ಓಡಿಸಿ ನೋಡಿದರೆ ಆಟವೇ ಮಜ, ತೀವ್ರತೆ, ವಾಕರಿಕೆ ಅಂತ ಮೂರು ಅಂಕ ಕೊಡುತ್ತದೆ. ತೀವ್ರತೆ 10 ದಾಟಿದರೆ ಸಾಲು ಖಾಲಿ ಅಂತಲೇ ಲೆಕ್ಕ. ನಾನು 6-7ರ ಹತ್ತಿರ ನಿಲ್ಲಿಸುತ್ತೇನೆ. ತೀವ್ರತೆಯ ಅಂಕ ಏರುವುದು ಹೆಚ್ಚಾಗಿ ಎತ್ತರದಿಂದ ಅಲ್ಲ, ವೇಗವಾಗಿ ಬರುವ ಕಡೆ ಚಪ್ಪಟೆ ತಿರುವು ಇಟ್ಟಿದ್ದರಿಂದ. ಅದನ್ನೇ ವಾಲಿದ ತಿರುವು ಮಾಡಿದರೆ ಪಕ್ಕಕ್ಕೆ ಎಸೆಯುವ ಬಲ ಇಳಿದು ಅಂಕ ಸರಿಹೋಗುತ್ತದೆ.

ಎರಡನೇ ಪಾರ್ಕ್ ‘ಡೈನಮೈಟ್ ಡ್ಯೂನ್ಸ್’ ಮರಳುಗಾಡು. ಅಲ್ಲಿ ಮಳೆ ಅಪರೂಪ, ಛತ್ರಿ ನಂಬಿಕೊಂಡರೆ ಹೊಟ್ಟೆಗೆ ತಣ್ಣೀರು ಬಟ್ಟೆ. ಗುರಿ 650 ಜನ, ಸಮಯ ಮೂರನೇ ವರ್ಷದ ಅಕ್ಟೋಬರ್ ಕೊನೆಯವರೆಗೆ. ಆದರೆ ಒಂದು ಕೋಸ್ಟರ್ ಮೊದಲೇ ಕಟ್ಟಿಟ್ಟಿರುತ್ತಾರೆ. ಅದರ ತಪಾಸಣೆ 10 ನಿಮಿಷಕ್ಕೆ ಇಳಿಸಿ, ಹೊರದಾರಿಗೆ ಬೆಂಚು ಹಾಕಿ, ಸಾಲದ ದುಡ್ಡನ್ನೆಲ್ಲ ಸಣ್ಣ ರೈಡ್‌ಗಳಿಗೇ ಹಾಕುತ್ತಾ ಬಂದೆ. ಅಲ್ಲಿ ಹೊಸ ಕೋಸ್ಟರ್ ಕಟ್ಟುವ ಅಗತ್ಯವೇ ಬೀಳಲಿಲ್ಲ.