ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ಲಿನಕ್ಸ್ ಕರ್ನಲ್ ಹಾಕಿದ ನನ್ನ ಅನುಭವ

ಪೆಂಟಿಯಮ್ ಎಂ ಪ್ರೊಸೆಸರ್, 1 ಜಿಬಿ ಮೆಮೊರಿ ಮತ್ತು ಐಡಿಇ ಎಂಬ ಹಳೆಯ ಬಗೆಯ ಸಂಪರ್ಕದ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪೊಂದನ್ನು ನಾನು ಇಂದಿಗೂ ಬರವಣಿಗೆಗೂ ಸೀರಿಯಲ್ ಪೋರ್ಟ್ ಬೇಕಾಗುವ ಕೆಲಸಗಳಿಗೂ ಬಳಸುತ್ತೇನೆ. ಅದರಲ್ಲಿ ಲಿನಕ್ಸ್‌ನ 4.9 ಕರ್ನಲ್ (ಯಂತ್ರಾಂಶಕ್ಕೂ ಪ್ರೋಗ್ರಾಂಗಳಿಗೂ ನಡುವೆ ನಿಲ್ಲುವ, ಲಿನಕ್ಸ್‌ನ ತಿರುಳು) ಯಾವ ತಕರಾರೂ ಇಲ್ಲದೆ ನಡೆಯುತ್ತಿತ್ತು. ಆದರೆ ಆ ಸರಣಿಗೆ ಬರುತ್ತಿದ್ದ ಭದ್ರತಾ ತಿದ್ದುಪಡಿಗಳು 2023ರ ಜನವರಿಯಲ್ಲಿ ನಿಂತುಹೋದವು. ಜೊತೆಗೆ, ನನ್ನ ಯುಎಸ್‌ಬಿ ವೈಫೈ ಅಡಾಪ್ಟರ್‌ಗೆ ಬೇಕಾದ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಅದಕ್ಕಿಂತ ಹೊಸ ಕರ್ನಲ್‌ಗಳಲ್ಲಿ ಮಾತ್ರ ಇತ್ತು. ಹಾಗಾಗಿ 2022ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ, ದೀರ್ಘಕಾಲದ ಬೆಂಬಲವಿರುವ 6.1ಕ್ಕೆ ಹೋಗಲು ನಿರ್ಧರಿಸಿದೆ. ಉಳಿದ ತಂತ್ರಾಂಶವನ್ನೆಲ್ಲ ಇದ್ದ ಹಾಗೆಯೇ ಬಿಟ್ಟು ಕರ್ನಲ್ ಒಂದನ್ನೇ ಏರಿಸುವ ಧೈರ್ಯ ನನಗೆ ಬಂದದ್ದು ಕರ್ನಲ್ ಅಭಿವೃದ್ಧಿಪಡಿಸುವವರು ಕಟ್ಟುನಿಟ್ಟಾಗಿ ಪಾಲಿಸುವ ಒಂದು ನಿಯಮದಿಂದ: ನಿನ್ನೆಯವರೆಗೆ ನಡೆಯುತ್ತಿದ್ದ ಪ್ರೋಗ್ರಾಂ ಹೊಸ ಕರ್ನಲ್‌ನ ಮೇಲೂ ನಡೆಯಲೇಬೇಕು. ಆದರೆ ಈ ನಿಯಮ ಪ್ರೋಗ್ರಾಂಗಳಿಗೆ ಅನ್ವಯಿಸುತ್ತದೆಯೇ ಹೊರತು ಹಳೆಯ ಯಂತ್ರಾಂಶದ ಡ್ರೈವರ್‌ಗಳಿಗಲ್ಲ. ನನಗೆ ಎದುರಾದ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಕರ್ನಲ್‌ಗೆ ಹೊಸದಾಗಿ ಸೇರಿದ್ದರಿಂದಲ್ಲ, ಅದರಿಂದ ಸದ್ದಿಲ್ಲದೆ ಹೊರಹೋದದ್ದರಿಂದ.

ಮೊದಲು ಸಿದ್ಧ ರೂಪದಲ್ಲಿ ಸಿಗುವ 32 ಬಿಟ್ ಕರ್ನಲ್ ಒಂದನ್ನು ಹಾಕಿ ನೋಡಿದೆ. ಈ ಪ್ರೊಸೆಸರ್‌ನಲ್ಲಿ ಪಿಎಇ ಸೌಲಭ್ಯವಿಲ್ಲ, ಸೂಕ್ತವಾದ ಬೇರೆ ಕರ್ನಲ್ ಬಳಸಿ ಎಂಬ ಸಂದೇಶ ತೋರಿಸಿ ಅದು ಅಲ್ಲಿಗೇ ನಿಂತಿತು. ಪಿಎಇ ಎಂದರೆ 32 ಬಿಟ್ ಪ್ರೊಸೆಸರ್ 4 ಜಿಬಿಗಿಂತ ಹೆಚ್ಚಿನ ಮೆಮೊರಿಯನ್ನು ತಲುಪಲು ಇರುವ ವ್ಯವಸ್ಥೆ. 1995ರ ಪೆಂಟಿಯಮ್ ಪ್ರೊದಲ್ಲಿಯೇ ಇದು ಬಂದಿತ್ತು. ವಿಚಿತ್ರವೆಂದರೆ ಮೊದಲ ಪೀಳಿಗೆಯ ಪೆಂಟಿಯಮ್ ಎಂ ಚಿಪ್‌ಗಳಲ್ಲಿ ಅನೇಕವು ಪಿಎಇಯನ್ನು ನಿಭಾಯಿಸಬಲ್ಲವಾದರೂ ಆ ಸೌಲಭ್ಯ ತಮ್ಮಲ್ಲಿದೆ ಎಂದು ಕರ್ನಲ್‌ಗೆ ತಿಳಿಸುವುದಿಲ್ಲ. ಬೂಟ್ ಸಾಲಿಗೆ (ಯಂತ್ರ ಶುರುವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳಿಗೆ) ಫೋರ್ಸ್‌ಪಿಎಇ ಎಂದು ಸೇರಿಸಿದರೆ ಕರ್ನಲ್ ಆ ಪರೀಕ್ಷೆಯನ್ನು ದಾಟಿ ಮುಂದುವರಿಯುತ್ತದೆ, ಆದರೆ ತಾನು ಟೇಂಟ್ ಆಗಿರುವುದಾಗಿಯೂ, ಅಂದರೆ ಪೂರ್ತಿ ನಂಬಲಾಗದ ಸ್ಥಿತಿಯಲ್ಲಿರುವುದಾಗಿಯೂ, ಗುರುತು ಹಾಕಿಕೊಳ್ಳುತ್ತದೆ. ಪರೀಕ್ಷಿಸಿ ನೋಡಲು ಅದು ಒಳ್ಳೆಯ ದಾರಿ. ದಿನನಿತ್ಯದ ಬಳಕೆಗೆ ನಾನು ಅದನ್ನು ಒಪ್ಪಲಿಲ್ಲ. 1 ಜಿಬಿ ಮೆಮೊರಿಯ ಯಂತ್ರಕ್ಕೆ ಪಿಎಇಯಿಂದ ಮೆಮೊರಿಯ ಲಾಭವೇನೂ ಇಲ್ಲ, ಬದಲಿಗೆ ಮೆಮೊರಿ ವಿಳಾಸಗಳ ಪಟ್ಟಿಯಾದ ಪೇಜ್ ಟೇಬಲ್‌ನ ಪ್ರತಿ ನಮೂದೂ 4 ಬೈಟ್‌ನಿಂದ 8 ಬೈಟ್‌ಗೆ ಹಿಗ್ಗುತ್ತದೆ. ಆದ್ದರಿಂದ ಪಿಎಇ ಇಲ್ಲದ ಕರ್ನಲ್ ಅನ್ನು ಅದರ ಮೂಲ ಸಂಕೇತದಿಂದ ನಾನೇ ಕಂಪೈಲ್ ಮಾಡಿಕೊಳ್ಳುವುದೇ ಸರಿಯೆನಿಸಿತು.

ಕಂಪೈಲ್ ಕೆಲಸವನ್ನು ಆ ಲ್ಯಾಪ್‌ಟಾಪ್‌ನಲ್ಲೇ ಮಾಡುವುದಕ್ಕೆ ತಾಂತ್ರಿಕವಾಗಿ ಅಡ್ಡಿಯಿರಲಿಲ್ಲ. 6.1 ಕರ್ನಲ್ ಜಿಸಿಸಿ ಎಂಬ ಕಂಪೈಲರ್‌ನ ಕನಿಷ್ಠ 5.1 ಆವೃತ್ತಿಯನ್ನು ಕೇಳುತ್ತದೆ, ನನ್ನಲ್ಲಿದ್ದದ್ದು ಅದಕ್ಕಿಂತ ಹೊಸದು. ಆದರೆ ಆ ಲ್ಯಾಪ್‌ಟಾಪ್‌ನ ವೇಗ ಮತ್ತು ತಾಪವನ್ನು ಯೋಚಿಸಿ, ಹೊಸ 64 ಬಿಟ್ ಯಂತ್ರವೊಂದರಲ್ಲಿ ಯಾವ ಬಗೆಯ ಪ್ರೊಸೆಸರ್‌ಗೆ ಎಂದು ಸೂಚಿಸುವ ಆರ್ಚ್ ಎಂಬಲ್ಲಿ 32 ಬಿಟ್‌ನ ಐ386 ಎಂದು ಕೊಟ್ಟು ಕಂಪೈಲ್ ಮಾಡಿದೆ. ಕರ್ನಲ್‌ನಲ್ಲಿ ಏನೇನು ಇರಬೇಕೆಂದು ಹೇಳುವ 4.9ರ ಕಾನ್ಫಿಗ್ ಫೈಲನ್ನು ಅಲ್ಲಿಗೆ ನಕಲು ಮಾಡಿ ಮೇಕ್ ಓಲ್ಡ್‌ಕಾನ್ಫಿಗ್ ಓಡಿಸಿದಾಗ ಅದು ಹೊಸ ಆಯ್ಕೆಗಳ ಬಗ್ಗೆ ಒಂದೊಂದಾಗಿ ಪ್ರಶ್ನೆ ಕೇಳುತ್ತ ಹೋಯಿತು. ಪ್ರೊಸೆಸರ್ ವಿಭಾಗದಲ್ಲಿ ಪೆಂಟಿಯಮ್ ಎಂ ಆರಿಸಿ, ಹೈ ಮೆಮೊರಿ ಆಯ್ಕೆಯನ್ನು 64 ಜಿಬಿಯ ಬದಲು 4 ಜಿಬಿಗೆ ಇಟ್ಟರೆ ಪಿಎಇ ತಾನಾಗಿಯೇ ಬಿಟ್ಟುಹೋಗುತ್ತದೆ.

ಹೀಗೆ ತಯಾರಾದ ಪ್ಯಾಕೇಜನ್ನು ಲ್ಯಾಪ್‌ಟಾಪ್‌ನಲ್ಲಿದ್ದ ಹಳೆಯ ಡಿಪಿಕೆಜಿ (ಪ್ಯಾಕೇಜ್‌ಗಳನ್ನು ಸ್ಥಾಪಿಸುವ ಪ್ರೋಗ್ರಾಂ) ತೆರೆಯಲೇ ಇಲ್ಲ. ಹೊಸ ಯಂತ್ರ ಪ್ಯಾಕೇಜನ್ನು ಝಡ್‌ಸ್ಟ್ಯಾಂಡರ್ಡ್ ವಿಧಾನದಲ್ಲಿ ಸಂಕುಚಿಸಿತ್ತು, ಹಳೆಯ ಡಿಪಿಕೆಜಿಗೆ ಆ ವಿಧಾನ ತಿಳಿಯದು. ಕಂಪೈಲ್ ಮಾಡುವಾಗ ಕೆಡೆಬ್ ಕಂಪ್ರೆಸ್ ಎಂಬ ವೇರಿಯಬಲ್‌ಗೆ ಎಕ್ಸ್‌ಝಡ್ ಎಂದು ಕೊಟ್ಟರೆ ಇದು ಬಗೆಹರಿಯುತ್ತದೆ. ಇದೇ ಕಾರಣಕ್ಕೆ ಮಾಡ್ಯೂಲ್‌ಗಳ, ಅಂದರೆ ಬೇಕಾದಾಗ ಕರ್ನಲ್‌ಗೆ ಸೇರಿಕೊಳ್ಳುವ ಭಾಗಗಳ, ಸಂಕುಚನವನ್ನೂ ಕೈಬಿಟ್ಟೆ.

ನಿಜವಾದ ತೊಡಕು ಕಾಣಿಸಿಕೊಂಡದ್ದು ಮೊದಲ ಬೂಟ್‌ನಲ್ಲಿ. ಕರ್ನಲ್ ಏನೋ ಶುರುವಾಯಿತು. ಸ್ವಲ್ಪ ಹೊತ್ತಿನ ನಂತರ ಎಚ್‌ಡಿಎ1 ಎಂಬ ಸಾಧನ (ನನ್ನ ಡಿಸ್ಕಿನ ಮೊದಲ ಪಾರ್ಟಿಷನ್) ಇಲ್ಲ ಎಂದು ಹೇಳಿ, ಇನಿಟ್‌ರಾಮ್‌ಎಫ್‌ಎಸ್‌ನ (ಡಿಸ್ಕ್ ಸಿಗುವವರೆಗೆ ಮೆಮೊರಿಯಿಂದಲೇ ನಡೆಯುವ ಪುಟ್ಟ ವ್ಯವಸ್ಥೆಯ) ಶೆಲ್‌ಗೆ, ಅಂದರೆ ಕಮಾಂಡ್ ಬರೆಯುವ ಜಾಗಕ್ಕೆ, ತಂದು ನಿಲ್ಲಿಸಿತು. ಇಂಥ ಹೊತ್ತಿನಲ್ಲಿ ಯಂತ್ರವನ್ನು ತಕ್ಷಣ ರೀಬೂಟ್ ಮಾಡಬಾರದು, ಏಕೆಂದರೆ ಕಾರಣ ತಿಳಿಯಲು ಆ ಪುಟ್ಟ ಶೆಲ್‌ನಷ್ಟು ಅನುಕೂಲವಾದ ಜಾಗ ಬೇರೊಂದಿಲ್ಲ. ಕರ್ನಲ್‌ಗೆ ಕಂಡ ಡಿಸ್ಕ್‌ಗಳನ್ನು ಪಟ್ಟಿ ಮಾಡುವ, ಪ್ರಾಕ್ ಡೈರೆಕ್ಟರಿಯ ಪಾರ್ಟಿಷನ್ಸ್ ಫೈಲನ್ನು ಅಲ್ಲಿ ತೆರೆದು ನೋಡಿದೆ: ಶೀರ್ಷಿಕೆಯ ಸಾಲಿನ ಕೆಳಗೆ ಏನೂ ಇರಲಿಲ್ಲ. ಅಂದರೆ ಸಮಸ್ಯೆ ಡಿಸ್ಕಿನ ಹೆಸರಿನದು ಮಾತ್ರವಲ್ಲ, ಡಿಸ್ಕೇ ಕರ್ನಲ್‌ನ ಕಣ್ಣಿಗೆ ಬಿದ್ದಿರಲಿಲ್ಲ.

ಕಾರಣ ಹೀಗಿತ್ತು. ಹಲವು ಆವೃತ್ತಿಗಳಿಂದ ಒಂದೇ ಕಾನ್ಫಿಗ್ ಫೈಲನ್ನು ಮುಂದುವರಿಸಿಕೊಂಡು ಬಂದಿದ್ದರಿಂದ ನನ್ನ 4.9 ಕರ್ನಲ್ ಇನ್ನೂ ಹಳೆಯ ಐಡಿಇ ಡ್ರೈವರ್‌ಗಳನ್ನೇ ಬಳಸುತ್ತಿತ್ತು. 2021ರಲ್ಲಿ ಬಂದ 5.14ರಲ್ಲಿ ಆ ಇಡೀ ಐಡಿಇ ವಿಭಾಗವನ್ನು ಕರ್ನಲ್‌ನಿಂದ ತೆಗೆದುಹಾಕಲಾಯಿತು. ಈಗ ಅದೇ ಕೆಲಸವನ್ನು ಮಾಡುವುದು ಲಿಬ್‌ಎಟಿಎ ಎಂಬ ಇನ್ನೊಂದು ಡ್ರೈವರ್ ವಿಭಾಗ. ಓಲ್ಡ್‌ಕಾನ್ಫಿಗ್ ಹೊಸ ಆಯ್ಕೆಗಳ ಬಗ್ಗೆ ವಿಚಾರಿಸುತ್ತದೆ, ಆದರೆ ಇಲ್ಲವಾದ ಆಯ್ಕೆಗಳನ್ನು ಏನೂ ಹೇಳದೆ ಅಳಿಸಿಬಿಡುತ್ತದೆ. ಹಾಗೆ ಅಳಿಸಿದವನ್ನು ತಿಳಿಯಲು ಕರ್ನಲ್ ಮೂಲದ ಸ್ಕ್ರಿಪ್ಟ್ಸ್ ಡೈರೆಕ್ಟರಿಯಲ್ಲಿರುವ ಡಿಫ್‌ಕಾನ್ಫಿಗ್ ಅನ್ನು ಬಳಸಬೇಕು. ಹಳೆಯ ಮತ್ತು ಹೊಸ ಕಾನ್ಫಿಗ್ ಫೈಲ್‌ಗಳನ್ನು ಅದಕ್ಕೆ ಕೊಟ್ಟರೆ, ಬಿಟ್ಟುಹೋದ ಆಯ್ಕೆಗಳೆಲ್ಲ ಕಳೆಯುವ ಚಿಹ್ನೆಯೊಂದಿಗೆ ಪಟ್ಟಿಯಾಗುತ್ತವೆ. ಪಟ್ಟಿ ಉದ್ದವಾಗಿರುತ್ತದೆ ನಿಜ; ಆದರೂ ಹಳೆಯ ಯಂತ್ರಕ್ಕೆ ಕರ್ನಲ್ ಕಟ್ಟುವವರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಪಟ್ಟಿಯಲ್ಲಿ ಐಡಿಇಗೆ ಸಂಬಂಧಿಸಿದ ಸಾಲುಗಳು ಒಟ್ಟಾಗಿಯೇ ಇದ್ದವು. ಅವುಗಳ ಬದಲಿಗೆ ಲಿಬ್‌ಎಟಿಎಯಲ್ಲಿ ಇಂಟೆಲ್ ಕಂಟ್ರೋಲರ್‌ಗಳಿಗಿರುವ ಎಟಿಎ ಪಿಐಐಎಕ್ಸ್ ಡ್ರೈವರನ್ನೂ ಸ್ಕಸಿ (ಡಿಸ್ಕ್ ಜೋಡಣೆಯ ಇನ್ನೊಂದು ಬಗೆ) ಡಿಸ್ಕ್ ಬೆಂಬಲವನ್ನೂ ಸೇರಿಸಿದೆ. ಎರಡನೆಯದು ಯಾಕೆಂದು ಕೆಲವರಿಗೆ ಅನಿಸಬಹುದು: ಲಿಬ್‌ಎಟಿಎ ಐಡಿಇ ಡಿಸ್ಕನ್ನೂ ಸ್ಕಸಿ ಪದರದ ಮೂಲಕವೇ ತೋರಿಸುವುದರಿಂದ, ಅದಿಲ್ಲದಿದ್ದರೆ ಕಂಟ್ರೋಲರ್ ಪತ್ತೆಯಾದರೂ ಡಿಸ್ಕ್ ಕಾಣುವುದಿಲ್ಲ.

ಮತ್ತೆ ಕಂಪೈಲ್ ಮಾಡಿದ ಕರ್ನಲ್‌ನಲ್ಲಿ ಡಿಸ್ಕ್ ಎಸ್‌ಡಿಎ ಎಂಬ ಹೆಸರಿನಲ್ಲಿ ಕಾಣಿಸಿಕೊಂಡಿತು. ಹೆಸರು ಬದಲಾಗುವುದರಿಂದ ಎಫ್‌ಎಸ್‌ಟ್ಯಾಬ್‌ನಲ್ಲಿಯೂ (ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿ) ಕರ್ನಲ್ ಅನ್ನು ಶುರು ಮಾಡುವ ಗ್ರಬ್‌ನ ರೂಟ್ ಆಯ್ಕೆಯಲ್ಲಿಯೂ ಎಚ್‌ಡಿಎ ಇದ್ದ ಕಡೆಗಳಲ್ಲೆಲ್ಲ ಬಿಎಲ್‌ಕೆಐಡಿ ಕಮಾಂಡ್ ಕೊಟ್ಟ ಯುಯುಐಡಿಗಳನ್ನು (ಹೆಸರು ಬದಲಾದರೂ ಬದಲಾಗದ ಗುರುತು ಸಂಖ್ಯೆಗಳನ್ನು) ಬರೆದೆ. ಹೀಗೆ ಮಾಡಿದರೆ ಹಳೆಯ ಮತ್ತು ಹೊಸ ಕರ್ನಲ್ ಎರಡೂ ಅದೇ ಫೈಲ್‌ಗಳಿಂದ ಬೂಟ್ ಆಗುತ್ತವೆ. ಫೈಲ್ ಸಿಸ್ಟಮ್‌ನ ಯುಯುಐಡಿಯನ್ನು ಅರ್ಥ ಮಾಡಿಕೊಳ್ಳುವುದು ಇನಿಟ್‌ರಾಮ್‌ಎಫ್‌ಎಸ್, ಕರ್ನಲ್ ಅಲ್ಲ. ಇನಿಟ್‌ರಾಮ್‌ಎಫ್‌ಎಸ್ ಬಳಸದವರು ಪಾರ್ಟಿಷನ್‌ನದೇ ಗುರುತಾದ ಪಾರ್ಟ್‌ಯುಯುಐಡಿ ಕೊಡಬೇಕಾಗುತ್ತದೆ. ಇನ್ನೊಂದು ಕಡೆ ಸುಲಭವಾಗಿ ಕಣ್ಣುತಪ್ಪುತ್ತದೆ: ಇನಿಟ್‌ರಾಮ್‌ಎಫ್‌ಎಸ್ ಸೆಟ್ಟಿಂಗ್‌ಗಳ ರೆಸ್ಯೂಮ್ ಫೈಲ್. ಅಲ್ಲಿ ಸ್ವಾಪ್ ಪಾರ್ಟಿಷನ್‌ನ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಭಾಗದ) ಹಳೆಯ ಹೆಸರೇ ಉಳಿದರೆ, ಇಲ್ಲದ ಸಾಧನಕ್ಕಾಗಿ ಪ್ರತಿ ಬೂಟ್‌ನಲ್ಲಿಯೂ ಯಂತ್ರ ಕಾಯುತ್ತ ಕೂರುತ್ತದೆ.

ಬೂಟ್ ಪಾರ್ಟಿಷನ್ ಚಿಕ್ಕದಾಗಿದ್ದರಿಂದ ಎರಡು ಕರ್ನಲ್‌ಗಳಿಗೆ ಜಾಗ ಸಾಲದೆ ಹೋಯಿತು. ಇನಿಟ್‌ರಾಮ್‌ಎಫ್‌ಎಸ್‌ನ ಮಾಡ್ಯೂಲ್ಸ್ ಸೆಟ್ಟಿಂಗ್ ಅನ್ನು ಮೋಸ್ಟ್‌ನಿಂದ ಡೆಪ್‌ಗೆ ಬದಲಿಸಿದಾಗ, ಈ ಯಂತ್ರಕ್ಕೆ ಬೇಕಾದ ಮಾಡ್ಯೂಲ್‌ಗಳು ಮಾತ್ರ ಸೇರಿ ಇಮೇಜ್ ಸಾಕಷ್ಟು ಕುಗ್ಗಿತು. ಆದರೆ ಡೆಪ್ ಆಗ ನಡೆಯುತ್ತಿರುವ ವ್ಯವಸ್ಥೆಯನ್ನು ನೋಡಿ ಪಟ್ಟಿ ಮಾಡುತ್ತದೆ. ಹಳೆಯ ಡ್ರೈವರ್ ಓಡುತ್ತಿರುವಾಗ ಅದು ಹೊಸ ಡ್ರೈವರನ್ನು ಊಹಿಸಲಾರದು; ಆದ್ದರಿಂದ ಎಟಿಎ ಪಿಐಐಎಕ್ಸ್ ಮತ್ತು ಸ್ಕಸಿ ಡಿಸ್ಕ್ ಎರಡನ್ನೂ ಮಾಡ್ಯೂಲ್ ಆಗಿ ಬಿಡದೆ ಕರ್ನಲ್‌ನೊಳಗೇ ಸೇರಿಸಿದೆ.

ಈ ಎಲ್ಲ ಪ್ರಯೋಗಗಳ ಹೊತ್ತಿನಲ್ಲಿ 4.9 ಕರ್ನಲ್ ಗ್ರಬ್‌ನ ಪೂರ್ವನಿಯೋಜಿತ ಆಯ್ಕೆಯಾಗಿಯೇ ಇತ್ತು. ಗ್ರಬ್ ರೀಬೂಟ್ ಕಮಾಂಡ್‌ನಿಂದ ಮುಂದಿನ ಒಂದು ಬೂಟ್‌ಗೆ ಮಾತ್ರ ಹೊಸದನ್ನು ಆರಿಸಿ, ಶೆಲ್ ಬೇಕಾಗಿದ್ದ ಆ ಮೊದಲ ಬೂಟ್‌ನ ನಂತರ ಬೂಟ್ ಸಾಲಿನಲ್ಲಿ ಪ್ಯಾನಿಕ್ ಎಂಬುದಕ್ಕೆ 20 ಕೊಟ್ಟಿದ್ದೆ. ಕರ್ನಲ್ ಪ್ಯಾನಿಕ್ ಆದರೆ, ಅಂದರೆ ಮುಂದುವರಿಯಲಾಗದೆ ನಿಂತರೆ, 20 ಸೆಕೆಂಡುಗಳಲ್ಲಿ ಯಂತ್ರ ತಾನೇ ರೀಬೂಟ್ ಆಗಿ ಹಳೆಯ ಕರ್ನಲ್‌ಗೆ ಮರಳುತ್ತದೆ. ಗ್ರಾಫಿಕ್ಸ್‌ನಲ್ಲಿ ತೊಂದರೆಯಾಗಲಿಲ್ಲ, ಅಗತ್ಯವಿದ್ದ ಫರ್ಮ್‌ವೇರ್ ಪ್ಯಾಕೇಜನ್ನು ಮೊದಲೇ ಹಾಕಿಕೊಂಡಿದ್ದೆ. ವೈಫೈ ಅಡಾಪ್ಟರ್ ಚುಚ್ಚಿದ ಕೂಡಲೇ ಗುರುತಾಯಿತು. ಈಗ 6.1ರ ತಿದ್ದುಪಡಿ ಆವೃತ್ತಿ ಬಂದಾಗ ಹೊಸ ಆಯ್ಕೆಗಳನ್ನು ಕೇಳದೆ ಪೂರ್ವನಿಯೋಜಿತವಾಗಿ ತುಂಬುವ ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸಿ, ಡಿಫ್‌ಕಾನ್ಫಿಗ್‌ನ ಪಟ್ಟಿಯನ್ನು ಒಮ್ಮೆ ಓದಿ, ಆಮೇಲೆ ಕಂಪೈಲ್‌ಗೆ ಹಚ್ಚುತ್ತೇನೆ. ಒಂದೇ ಸರಣಿಯೊಳಗೆ ಆ ಪಟ್ಟಿಯಲ್ಲಿ ಹೆಚ್ಚೇನೂ ಇರುವುದಿಲ್ಲ.